ಮಾತಾಡಿದವರ ಹೆಸರು ಬೋರ್ಡಿನ ಮೇಲೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಉದ್ಯೋಗ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಕ್ಯಾಂಪಸ್ ಸಂದರ್ಶನದ ಕಾಲ ಬಂತೆಂದರೆ ಅಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ನಮ್ಮ ಹುಡುಗರಿಗೆ ವಿಷಯ ಗೊತ್ತಿದೆ, ಆದರೆ ಹೇಳಲು ಬರುವುದಿಲ್ಲ ಅಂತ. ಅದರ ಕೆಳಗೇ ಪರಿಹಾರವೂ ಇರುತ್ತದೆ: ಇಂಗ್ಲಿಷ್ ಚೆನ್ನಾಗಿ ಕಲಿಯಿರಿ. ಮೊದಲನೇ ಮಾತು ನಿಜ. ಎರಡನೆಯದು ಅರ್ಧ ಮಾತ್ರ ನಿಜ, ಮತ್ತು ಆ ಅರ್ಧದಿಂದಲೇ ನಮ್ಮ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ ಅಂತ ನನಗೆ ಅನಿಸುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಾನು ಶಿರಸಿ ಕಡೆಯವನು. 2003ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೆ ಬಂದೆ. ಮೊದಲು ಇನ್ಸ್‌ಪೆಕ್ಟರ್ ಆಗಿದ್ದೆ. ಈಗ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಘಟನೆ ಹೇಳಬೇಕು. ಸೆಕೆಂಡ್ ಶಿಫ್ಟಿನಲ್ಲಿ ಒಂದು ಭಾಗದ ಬೋರ್, ಅಂದರೆ ಒಳಗಿನ ತೂತಿನ ಅಳತೆ, ಚೆಕ್ ಮಾಡುತ್ತಿದ್ದೆ. ಅದನ್ನು ನೋಡುವ ಪ್ಲಗ್ ಗೇಜಿಗೆ ಎರಡು ತುದಿ ಇರುತ್ತದೆ. ಗೋ ತುದಿ ತೂತಿನೊಳಗೆ ಹೋಗಬೇಕು, ನೋ-ಗೋ ತುದಿ ಹೋಗಬಾರದು. ಅವತ್ತು ರಾತ್ರಿ ಗೋ ತುದಿ ಬಿಗಿಯಾಗುತ್ತಾ ಬಂತು. ಟೂಲಿನ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ತುದಿ, ಸವೆಯುತ್ತಾ ಹೋದರೆ ಬೋರ್ ಸಣ್ಣದಾಗುತ್ತದೆ, ಅದೇ ಆಗುತ್ತಿತ್ತು. ಕೊನೆಗೆ 20 ಪೀಸಿನಲ್ಲಿ 3ಕ್ಕೆ ಗೇಜ್ ಒಳಗೇ ಹೋಗಲಿಲ್ಲ. ರಿಜಿಸ್ಟರಿನಲ್ಲಿ ಬರೆದೆ. ಬೆಳಿಗ್ಗೆ ಮೀಟಿಂಗಿನಲ್ಲಿ ಹೇಳಬೇಕು ಅಂತ ರಾತ್ರಿಯೆಲ್ಲ ರೂಮಿನಲ್ಲಿ ಕೂತು ಇಂಗ್ಲಿಷಿನಲ್ಲಿ ಮೂರು ವಾಕ್ಯ ಕಟ್ಟಿಕೊಂಡೆ, ವ್ಯಾಕರಣ ಸರಿ ಇದೆಯಾ ಅಂತ ಹತ್ತು ಸಲ ನೋಡಿದೆ. ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರ ಮುಖ ನೋಡಿ ಏನಾದರೂ ಸಮಸ್ಯೆ ಇದೆಯಾ ಅಂತ ಕೇಳಿದರು. ನನ್ನ ಸರದಿ ಬಂದಾಗ ಗಂಟಲು ಒಣಗಿತು, ಕಟ್ಟಿಕೊಂಡಿದ್ದ ಮೊದಲನೇ ಪದವೇ ಮರೆತುಹೋಯಿತು. "ನೋ ಸರ್" ಅಂದುಬಿಟ್ಟೆ.

ಮಾಲು ಹೋಯಿತು. ರಿಜಿಸ್ಟರ್ ಯಾರೂ ತೆರೆದು ನೋಡಲಿಲ್ಲ. ನಾಲ್ಕು ದಿನದ ನಂತರ ಕಸ್ಟಮರ್ ಹತ್ತಿರ ಶಾಫ್ಟ್ ಕೂರದೆ ಅವರ ಲೈನ್ ನಿಂತಿತು, ಪೂರ್ತಿ ಲಾಟ್ ವಾಪಸ್ ಬಂತು. ಎರಡು ರಾತ್ರಿ ಐದು ಜನ ಕೂತು ಒಂದೊಂದೇ ಪೀಸ್ ಆರಿಸಿದೆವು. ಆ ಐದು ಜನರಲ್ಲಿ ಒಬ್ಬರ ಮಗಳ ನಾಮಕರಣ ಆ ವಾರವೇ ಇತ್ತು, ಅವರು ಹೋಗಲಾಗಲಿಲ್ಲ. ನನಗೆ ಬೋರ್ ಸಣ್ಣದಾಗಿದೆ ಅಂತ ಗೊತ್ತಿತ್ತು. ಹೇಳುವುದಷ್ಟೇ ಬಾಕಿ ಇತ್ತು.

ಆ ವಾರ ಮನೆಗೆ ಫೋನ್ ಮಾಡಿದಾಗ ಅಮ್ಮ, ಅಪ್ಪಯ್ಯ ಪಕ್ಕದೂರಿಗೆ ತಾಳಮದ್ದಲೆಗೆ ಹೋಗಿದ್ದಾರೆ, ಕೃಷ್ಣ ಸಂಧಾನದಲ್ಲಿ ವಿದುರನ ಅರ್ಥ ಹೇಳುತ್ತಾರಂತೆ ಅಂದರು. ಫೋನ್ ಇಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ಅಪ್ಪಯ್ಯ ಓದಿದ್ದು ಏಳನೇ ಕ್ಲಾಸು. ಅಡಿಕೆ ತೋಟ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ಅವರು ಇನ್ನೂರು ಜನರ ಮುಂದೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಅವರ ಮಗನಾದ ನನಗೆ ಹನ್ನೆರಡು ಜನರ ಮುಂದೆ ಮೂರು ವಾಕ್ಯ ಹೇಳಲು ಆಗಲಿಲ್ಲ. ಯಾಕೆ?

ತಾಳಮದ್ದಲೆ ನೋಡದವರಿಗೆ ಒಂದೆರಡು ಮಾತು ಹೇಳುತ್ತೇನೆ. ಅದು ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ನಮ್ಮ ಕಡೆ ಮತ್ತು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆ ಜಾಸ್ತಿ ನಡೆಯುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆ ಪಾತ್ರವಾಗಿ ಮಾತಾಡುತ್ತಾರೆ. ಬರೆದದ್ದು ಪದ್ಯ ಮಾತ್ರ. ಮಾತೆಲ್ಲ ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೂತು ಮಾತಾಡಿದರೆ ವೇಷ ಇಲ್ಲದೆಯೇ ಪಾತ್ರ ಎದುರಿಗೆ ಬರುತ್ತಿತ್ತು ಅಂತ ಕೇಳಿದವರು ಇವತ್ತಿಗೂ ಹೇಳುತ್ತಾರೆ.

ಊರಿಗೆ ಹೋದಾಗ ಅಪ್ಪಯ್ಯನನ್ನೇ ಕೇಳಿದೆ, ನಿಮಗೆ ಹೆದರಿಕೆ ಆಗುವುದಿಲ್ಲವಾ ಅಂತ. ಅವರು ಹೇಳಿದ್ದು ನನಗೆ ಇಪ್ಪತ್ತು ವರ್ಷ ಅನ್ನ ಹಾಕಿದೆ. ಹೆದರಿಕೆ ಪ್ರತಿ ಸಲವೂ ಆಗುತ್ತದೆ ಮಾರಾಯ, ಅದಕ್ಕೇ ಪೀಠಿಕೆ ಗಟ್ಟಿ ಮಾಡಿಕೊಂಡು ಹೋಗುತ್ತೇನೆ ಅಂದರು. ಪೀಠಿಕೆ ಅಂದರೆ ಪಾತ್ರ ಮೊದಲು ಬಾಯಿ ತೆರೆದಾಗ ತಾನು ಯಾರು, ಈಗ ಯಾವ ಸ್ಥಿತಿಯಲ್ಲಿದ್ದೇನೆ ಅಂತ ಹೇಳಿಕೊಳ್ಳುವ ಮಾತು. ಅದು ದಾಟುವಷ್ಟರಲ್ಲಿ ಎದೆ ಹೊಡೆದುಕೊಳ್ಳುವುದು ಇಳಿಯುತ್ತದೆ. ಆಮೇಲಿನದ್ದು ಬಾಯಿಪಾಠ ಮಾಡಿದರೆ ಕೆಟ್ಟಿತು, ಯಾಕೆಂದರೆ ಎದುರು ಕೂತ ಕೌರವ ಏನು ಹೇಳುತ್ತಾನೆ ಅಂತ ನಿನಗೆ ಮೊದಲೇ ಗೊತ್ತಿರುವುದಿಲ್ಲ, ಅವನ ಮಾತು ಪೂರ್ತಿ ಕೇಳಿಸಿಕೊಂಡವನಿಗೆ ಉತ್ತರ ತಾನಾಗಿ ಸಿಗುತ್ತದೆ ಅಂದರು. ಇನ್ನೊಂದು ಮಾತನ್ನೂ ಸೇರಿಸಿದರು. ಪದ್ಯದ ಅರ್ಥ ಮೊದಲು ಹೇಳು, ನಿನ್ನ ಪಾಂಡಿತ್ಯ ಆಮೇಲೆ. ಉದ್ದ ಆಯಿತೆಂದರೆ ಭಾಗವತರು ಮುಂದಿನ ಪದ್ಯ ಎತ್ತಿಯೇ ಬಿಡುತ್ತಾರೆ.

ಮುಂದೆ ಕಂಪನಿಯ ಖರ್ಚಿನಲ್ಲಿ ಎರಡು ತರಬೇತಿಗಳಿಗೆ ಹೋಗಿ ಬಂದೆ. ಅಲ್ಲಿ ಕಲಿತದ್ದರಲ್ಲಿ ಉಪಯೋಗಕ್ಕೆ ಬಂದದ್ದೆಲ್ಲ ಈ ಮೂರು ಮಾತಿನೊಳಗೇ ಇತ್ತು.

ಈಗ ನಮ್ಮ ಶಾಲೆಗಳನ್ನು ನೋಡಿ. ಮೇಷ್ಟ್ರು ಹೊರಗೆ ಹೋದರೆ ಕ್ಲಾಸ್ ಲೀಡರ್ ಎದ್ದು ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಾನೆ. ನೀವೂ ಬರೆಸಿಕೊಂಡಿರುತ್ತೀರಿ. ಗೋಡೆಯ ಮೇಲೆ ಮಾತು ಬೆಳ್ಳಿ, ಮೌನ ಬಂಗಾರ. ಶಿಸ್ತು ಬೇಕು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದನೇ ಕ್ಲಾಸಿನಿಂದ ಡಿಪ್ಲೊಮಾ ಮುಗಿಯುವವರೆಗೆ ಮಗು ಕೇಳಿಸಿಕೊಂಡು ಬರೆಯುತ್ತದೆ, ಬರೆದು ನಂಬರ್ ತೆಗೆದುಕೊಳ್ಳುತ್ತದೆ. ಎದ್ದು ನಿಂತು ತನ್ನದೇ ಒಂದು ವಿಷಯ ಮೂರು ನಿಮಿಷ ಹೇಳಿದ ನೆನಪು ಎಷ್ಟು ಮಕ್ಕಳಿಗಿದೆ? ಪ್ರತಿಭಾ ಕಾರಂಜಿಯಲ್ಲಿ ಭಾಷಣ ಸ್ಪರ್ಧೆ ಇದೆ, ಒಳ್ಳೆಯದೇ. ಆದರೆ ಅಲ್ಲಿಗೆ ಹೋಗುವುದು ಈಗಾಗಲೇ ಮಾತಾಡಬಲ್ಲ ಒಂದಿಬ್ಬರು, ಅವರೂ ಮೇಷ್ಟ್ರು ಬರೆದುಕೊಟ್ಟದ್ದನ್ನು ಉರು ಹೊಡೆದು ಒಪ್ಪಿಸುವುದೇ ಜಾಸ್ತಿ. ಹಿಂದಿನ ಬೆಂಚಿನ ಮಗುವಿನ ಸರದಿ ಬರುವುದೇ ಇಲ್ಲ.

ಇಂಜಿನಿಯರಿಂಗ್‌ನಲ್ಲಿ ವಿಟಿಯು ಮಕ್ಕಳಿಗೆ ಕೊನೆಯ ವರ್ಷ ಸೆಮಿನಾರ್ ಅಂತ ಇರುತ್ತದೆ. ನಮ್ಮಲ್ಲಿಗೆ ಬರುವ ಟ್ರೇನಿಗಳನ್ನು ಸೆಮಿನಾರಿನಲ್ಲಿ ಏನು ಮಾಡಿದೆ ಅಂತ ನಾನು ಯಾವಾಗಲೂ ಕೇಳುತ್ತೇನೆ. ಹೆಚ್ಚಿನವರ ಉತ್ತರ ಒಂದೇ. ಇಂಟರ್ನೆಟ್ಟಿನಿಂದ ಇಪ್ಪತ್ತು ಸ್ಲೈಡ್ ಇಳಿಸಿಕೊಂಡೆ, ಪರದೆ ಕಡೆ ತಿರುಗಿ ಓದಿದೆ, ಸರ್ ಸಹಿ ಹಾಕಿದರು. ಯಾರಾದರೂ ಪ್ರಶ್ನೆ ಕೇಳಿದರಾ ಅಂದರೆ ಇಲ್ಲ ಅನ್ನುತ್ತಾರೆ. ತಪ್ಪು ಆ ಹುಡುಗನದಲ್ಲ, ಆ ಮೇಷ್ಟ್ರೊಬ್ಬರದೂ ಅಲ್ಲ. ಅರವತ್ತು ಮಕ್ಕಳ ಸೆಮಿನಾರ್ ಕೇಳಿ ಒಬ್ಬೊಬ್ಬರನ್ನೂ ತಿದ್ದಲು ಅವರಿಗೆ ಪುರುಸೊತ್ತು ಎಲ್ಲಿದೆ?

ಭಾಷೆಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಬೇಡ ಅನ್ನುವವನು ನಾನಲ್ಲ. ಡ್ರಾಯಿಂಗ್ ಇಂಗ್ಲಿಷಿನಲ್ಲಿರುತ್ತದೆ, ಕಸ್ಟಮರ್ ಮೇಲ್ ಇಂಗ್ಲಿಷಿನಲ್ಲಿ ಬರುತ್ತದೆ, ಅದು ಬೇಕೇ ಬೇಕು. ಆದರೆ ನಿಂತು ಮಾತಾಡುವ ವಿದ್ಯೆಯೇ ಬೇರೆ, ಭಾಷೆ ಬೇರೆ. ಎರಡನ್ನೂ ಒಟ್ಟಿಗೆ ಹೇರುವುದು ಸೈಕಲ್ ಕಲಿಯುವ ಹುಡುಗನ ಹಿಂದಿನ ಕ್ಯಾರಿಯರಿಗೆ ಅಕ್ಕಿ ಮೂಟೆ ಕಟ್ಟಿದ ಹಾಗೆ. ಮೊದಲು ಖಾಲಿ ಸೈಕಲ್ ಓಡಿಸಲಿ. ಕನ್ನಡದಲ್ಲಿ ಹತ್ತು ಸಲ ನಿಂತು ಮಾತಾಡಿದವನಿಗೆ ಎಲ್ಲಿ ನಿಲ್ಲಿಸಬೇಕು, ಯಾರ ಮುಖ ನೋಡಬೇಕು, ಕೈ ಎಲ್ಲಿಡಬೇಕು, ಯಾವುದನ್ನು ಮೊದಲು ಹೇಳಬೇಕು ಅನ್ನುವುದೆಲ್ಲ ಬಂದಿರುತ್ತದೆ, ಆಮೇಲೆ ಅವನು ಇಂಗ್ಲಿಷಿಗೆ ಹೋದಾಗ ಅವನಿಗೆ ಬೇಕಾಗುವುದು ಪದಗಳು ಮಾತ್ರ. ನಾನು ನೋಡಿದ ಹಾಗೆ ಇದು ತಪ್ಪಿದ್ದೇ ಇಲ್ಲ. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಕಾನೂನು ಓದಿದ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ದೇಶದ ದೊಡ್ಡ ಸಭೆಯಲ್ಲೇ ಕನ್ನಡ ಆಗುತ್ತದೆ ಅಂದ ಮೇಲೆ ಪೀಣ್ಯದ ಬೆಳಗಿನ ಮೀಟಿಂಗಿನಲ್ಲಿ ಯಾಕೆ ಆಗಬಾರದು?

ಮಾತು ಸರಿಯಾಗಿ ತಲುಪದಿದ್ದರೆ ಏನಾಗಬಹುದು ಅನ್ನುವುದಕ್ಕೆ ನನ್ನ ಬೋರಿನ ಕತೆ ಸಣ್ಣದು. ನಾನು ಹೊಸಬರಿಗೆ ಯಾವಾಗಲೂ ಹೇಳುವುದು ಅಮೆರಿಕದ ಕೊಲಂಬಿಯಾ ಗಗನನೌಕೆಯ ಸಂಗತಿ. ನಮ್ಮ ಕರ್ನಾಲಿನ ಹುಡುಗಿ ಕಲ್ಪನಾ ಚಾವ್ಲಾ ಅದರಲ್ಲಿದ್ದರು. 2003ರ ಜನವರಿ 16ರಂದು ಅದು ಮೇಲೇರಿತು. ಹೊರಟು ಒಂದೂವರೆ ನಿಮಿಷ ಆಗುವ ಮೊದಲೇ ಇಂಧನದ ಟ್ಯಾಂಕಿನಿಂದ ಫೋಮಿನ ತುಂಡೊಂದು ಕಿತ್ತು ಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿದ್ದಾಗಲೇ ಕೆಳಗೆ ಇಂಜಿನಿಯರುಗಳು ಲೆಕ್ಕ ಹಾಕಿ ಅಧಿಕಾರಿಗಳ ಮುಂದೆ ಸ್ಲೈಡ್ ಇಟ್ಟರು. ಒಂದು ಸ್ಲೈಡಿನ ತಲೆಬರಹ ಓದಿದರೆ ಹೆಚ್ಚು ಹೆದರಬೇಕಿಲ್ಲ ಅನ್ನುವ ಹಾಗಿತ್ತು. ಅದೇ ಸ್ಲೈಡಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಪರೀಕ್ಷೆಗಳಲ್ಲಿ ಬಳಸಿದ್ದ ತುಂಡು 3 ಘನ ಇಂಚು, ಈಗ ಬಡಿದದ್ದರ ಅಂದಾಜು 1920 ಘನ ಇಂಚು. ಅಂದರೆ 640 ಪಟ್ಟು ದೊಡ್ಡದು! ಯಾವುದನ್ನು ಎಲ್ಲಕ್ಕಿಂತ ಮೊದಲು ದೊಡ್ಡ ದನಿಯಲ್ಲಿ ಹೇಳಬೇಕಿತ್ತೋ ಅದು ತಳದಲ್ಲಿ ಕೂತಿತ್ತು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಒಡೆದುಹೋಯಿತು, ಏಳೂ ಜನ ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ತನಿಖಾ ಮಂಡಳಿಯ ವರದಿಯಲ್ಲಿ ಈ ಸ್ಲೈಡನ್ನು ಹಾಗೆಯೇ ಅಚ್ಚು ಹಾಕಿ ತೋರಿಸಿದ್ದಾರೆ. ಒಂದು ಸ್ಲೈಡಿನಿಂದಲೇ ಎಲ್ಲ ಆಯಿತು ಅಂತ ಅಲ್ಲ, ಕಾರಣಗಳು ಬಹಳ ಇದ್ದವು. ಆದರೆ ಅಂಥ ಓದು ಓದಿದವರ ಜಾಗದಲ್ಲೂ ಮುಖ್ಯ ಮಾತು ತಳಕ್ಕೆ ಹೋಗುತ್ತದೆ ಅಂದರೆ ಇದು ಕಲಿಸಲೇಬೇಕಾದ ವಿದ್ಯೆ ಅಲ್ವಾ?

ಪದ್ಯದ ಅರ್ಥ ಮೊದಲು ಅಂತ ಅಪ್ಪಯ್ಯ ಹೇಳಿದ್ದು ಇದನ್ನೇ. ನಮ್ಮ ಶಾಪಿನಲ್ಲಿ ಈಗ ಯಾರೇ ಎದ್ದರೂ ಮೊದಲ ವಾಕ್ಯದಲ್ಲಿ ಏನಾಗಿದೆ, ಎರಡನೇ ವಾಕ್ಯದಲ್ಲಿ ಏನು ಮಾಡಬೇಕು. "ಬೋರ್ ಸಣ್ಣದಾಗ್ತಿದೆ. ಲೈನ್ ನಿಲ್ಲಿಸಬೇಕು." ಕಾರಣ, ಲೆಕ್ಕ, ಯಾರು ಯಾವಾಗ ನೋಡಿದರು ಅನ್ನುವುದೆಲ್ಲ ಅದರ ನಂತರ. ನಮ್ಮ ಜನರಿಗೆ ಇದು ಮೊದಮೊದಲು ಕಷ್ಟವಾಯಿತು, ಯಾಕೆಂದರೆ ದೊಡ್ಡವರ ಮುಂದೆ ನೇರವಾಗಿ ಹೇಳುವುದು ಅವಿನಯ ಅಂತ ನಾವು ಬೆಳೆದಿದ್ದೇವೆ, ಸುತ್ತಿ ಬಳಸಿ ಬಂದು ಕೊನೆಗೆ ವಿಷಯ ಹೇಳುವ ಹೊತ್ತಿಗೆ ಕೇಳುವವರು ಮೊಬೈಲ್ ತೆಗೆದಿರುತ್ತಾರೆ.

ಇನ್ನು ಅಭ್ಯಾಸ. ಮನಸ್ಸಿನಲ್ಲೇ ಓದಿಕೊಂಡರೆ ಅದು ಅಭ್ಯಾಸವಲ್ಲ. ಎದ್ದು ನಿಂತು, ಬಾಯಿ ಬಿಟ್ಟು, ಪೂರ್ತಿ ದನಿಯಲ್ಲಿ ಕನಿಷ್ಠ ಮೂರು ಸಲ ಹೇಳಬೇಕು. ಮನೆಯಲ್ಲಿ ಜಾಗ ಇಲ್ಲದಿದ್ದರೆ ತಾರಸಿಗೆ ಹೋಗಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಲಿ. ಮೊದಲ ಸಲ ತಮ್ಮ ದನಿ ತಮಗೇ ಹಿಡಿಸುವುದಿಲ್ಲ, ಎಲ್ಲರಿಗೂ ಹಾಗೇ. ಆದರೆ ಕೇಳಿದಾಗ ಮಾತ್ರ ಗೊತ್ತಾಗುತ್ತದೆ, "ಅದೇನಪ್ಪಾ ಅಂದ್ರೆ", "ಆಕ್ಚುಲಿ", "ಬೇಸಿಕಲಿ" ಅಂತ ಎಷ್ಟು ಸಲ ಬಂತು ಅಂತ. ಆ ಜಾಗದಲ್ಲಿ ಸುಮ್ನೆ ಎರಡು ಸೆಕೆಂಡ್ ನಿಲ್ಲಲಿ ಸಾಕು, ಕೇಳುವವರಿಗೂ ಉಸಿರು ಬಿಡಲು ಆಗುತ್ತದೆ. ಕೈ ನಡುಗುವುದು, ಎದೆ ಬಡಿದುಕೊಳ್ಳುವುದು ದೇಹದ ಕೆಲಸ. ಅಪಾಯ ಬಂತು ಅಂದುಕೊಂಡು ದೇಹ ಅಡ್ರಿನಲಿನ್ ಬಿಡುತ್ತದೆ. ಹೇಡಿತನದ ಗುರುತು ಅದಲ್ಲ ಅಂತ ಮಕ್ಕಳಿಗೆ ಯಾರಾದರೂ ಹೇಳಬೇಕು. ನನಗೆ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಇರುವವರಿಗೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಿವೆ. ರಾಲ್ಫ್ ಸ್ಮೆಡ್ಲಿ ಅನ್ನುವವರು 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು, ಈಗ ಎಲ್ಲ ಕಡೆ ಇದೆ. ಅಲ್ಲಿ ಒಬ್ಬರು ಸಮಯ ನೋಡುತ್ತಾರೆ, ಹಸಿರು, ಹಳದಿ, ಕೆಂಪು ತೋರಿಸುತ್ತಾರೆ. ಒಬ್ಬರು ನೀವು ಎಷ್ಟು ಸಲ "ಆಂ", "ಊಂ" ಅಂದಿರಿ ಅಂತ ಎಣಿಸುತ್ತಾರೆ. ಒಬ್ಬರು ಏನು ಚೆನ್ನಾಗಿತ್ತು, ಏನು ತಿದ್ದಿಕೊಳ್ಳಬೇಕು ಅಂತ ಮುಖದ ಮೇಲೇ ಮೆತ್ತಗೆ ಹೇಳುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಆದರೆ ನಾನು ಹೋಗಿ ಕೂತ ಕಡೆಗಳಲ್ಲೆಲ್ಲ ನಡೆದದ್ದು ಇಂಗ್ಲಿಷಿನಲ್ಲೇ. ನಮ್ಮ ಟರ್ನಿಂಗ್ ಆಪರೇಟರ್ ಅಲ್ಲಿಗೆ ಹೋಗುವುದಿಲ್ಲ.

ಹಾಗಾಗಿ ಅದೇ ಪದ್ಧತಿಯನ್ನು ಕನ್ನಡದಲ್ಲಿ ನಮ್ಮ ಶಾಪಿಗೆ ತಂದೆವು. ಶನಿವಾರ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಇಪ್ಪತ್ತು ನಿಮಿಷ. ಮೂರು ಜನ, ತಲಾ ಮೂರು ನಿಮಿಷ, ತಮ್ಮ ಕೆಲಸದ ಬಗ್ಗೆಯೇ ಮಾತಾಡಬೇಕು. ಮೂರು ನಿಮಿಷ ಮುಗಿಯುವವರೆಗೆ ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ, ಮಾಲೀಕರೂ ಸಹ. ಈ ನಿಯಮವನ್ನು ಬೇಕೆಂದೇ ಇಟ್ಟೆ. ನಮ್ಮ ಇನ್ಸ್‌ಪೆಕ್ಷನ್‌ನಲ್ಲಿ ನಾಲ್ಕು ಜನ ಹೆಣ್ಣುಮಕ್ಕಳಿದ್ದಾರೆ. ಅವರು ಒಂದು ವಾಕ್ಯ ಶುರು ಮಾಡಿದರೆ ಅದನ್ನು ಮುಗಿಸುವವನು ಪಕ್ಕದ ಗಂಡಸೇ ಆಗಿರುತ್ತಿದ್ದ. ನಿಯಮ ಬಂದ ಮೇಲೆ ಅವರ ವಾಕ್ಯಗಳು ಅವರ ಬಾಯಿಂದಲೇ ಮುಗಿಯುತ್ತಿವೆ. ಒಡಿಶಾದ ಹುಡುಗರೂ ಇದ್ದಾರೆ, ಅವರು ಬಂದಷ್ಟು ಕನ್ನಡ, ಬಾರದ ಕಡೆ ಹಿಂದಿ ಸೇರಿಸಿ ಹೇಳುತ್ತಾರೆ, ಯಾರೂ ನಗುವುದಿಲ್ಲ.

ಮೊದಲ ತಿಂಗಳು ಒಬ್ಬರೂ ಮುಂದೆ ಬರಲಿಲ್ಲ, ನಾನೇ ಮಾತಾಡಿದೆ. ಐದನೇ ವಾರ ನಮ್ಮ ಹಿರಿಯ ಆಪರೇಟರ್ ಒಬ್ಬರು ಎದ್ದರು. ಐವತ್ತು ದಾಟಿದೆ, ಸದಾ ತಲೆ ತಗ್ಗಿಸಿ ಕೆಲಸ ಮಾಡುವವರು. ಇನ್ಸರ್ಟ್ ಸವೆದದ್ದು ಗೇಜಿಗೆ ಗೊತ್ತಾಗುವ ಮೊದಲೇ ಮೆಷಿನ್ ಸದ್ದಿನಲ್ಲಿ ಗೊತ್ತಾಗುತ್ತದೆ ಅಂದರು. ಒಳ್ಳೆ ಇನ್ಸರ್ಟ್ ಹೇಗೆ ಸದ್ದು ಮಾಡುತ್ತದೆ, ಸವೆದದ್ದು ಹೇಗೆ ಕೀರಲು ಶುರುವಾಗುತ್ತದೆ ಅಂತ ಬಾಯಲ್ಲೇ ಮಾಡಿ ತೋರಿಸಿದರು. ಚಿಪ್ಸಿನ, ಅಂದರೆ ಕತ್ತರಿಸುವಾಗ ಉದುರುವ ಲೋಹದ ಚೂರುಗಳ, ಬಣ್ಣ ಹೇಗೆ ಬದಲಾಗುತ್ತದೆ ಅಂತ ಎರಡು ಚೂರು ಕೈಯಲ್ಲಿ ಹಿಡಿದು ತಂದಿದ್ದರು, ಎಲ್ಲರ ಕೈಗೂ ದಾಟಿಸಿದರು. ಅದನ್ನು ಕೇಳುತ್ತಾ ನನಗೆ ಆ ಹಳೆಯ ರಾತ್ರಿ ನೆನಪಾಯಿತು. ಇಷ್ಟು ತಿಳಿದವರು ಇಪ್ಪತ್ತೈದು ವರ್ಷ ಮೀಟಿಂಗುಗಳಲ್ಲಿ ಹಿಂದೆ ನಿಂತಿದ್ದರು, ಯಾರೂ ಅವರನ್ನು ಕೇಳಿರಲಿಲ್ಲ.

ಅವರಿಂದ ನಾನು ಕಲಿತದ್ದೂ ಇದೆ. ಆಮೇಲಿನ ಒಂದು ಕಸ್ಟಮರ್ ಆಡಿಟಿನಲ್ಲಿ ಸ್ಲೈಡ್ ಬದಿಗಿಟ್ಟು ಎರಡು ಪೀಸ್ ಮೇಜಿನ ಮೇಲೆ ಇಟ್ಟೆ, ಒಂದು ಸರಿ ಇದ್ದದ್ದು, ಇನ್ನೊಂದು ಕೆಟ್ಟದ್ದು. ಉಗುರಿನಿಂದ ಸವರಿ ನೋಡಿ ಅಂದೆ. ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ ವಾದ ಹತ್ತು ನಿಮಿಷಕ್ಕೆ ಮುಗಿಯಿತು. ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲ, ನಾಳೆ ಹತ್ತು ಗಂಟೆಗೆ ಅಳತೆ ತೆಗೆದು ಹೇಳುತ್ತೇನೆ ಅಂದೆ, ಹಾಗೆಯೇ ಕಳಿಸಿದೆ. ಹೀಗೆ ಹೇಳುವುದು ಸೋಲಲ್ಲ ಅಂತ ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಸಂಪಾದಕರೇ, ನಾನು ಕೇಳುವುದು ದೊಡ್ಡದೇನಲ್ಲ. ಶಾಲೆಗಳಲ್ಲಿ ದಿನಕ್ಕೆ ಇಬ್ಬರು ಮಕ್ಕಳು, ತಲಾ ಎರಡು ನಿಮಿಷ, ಹಾಜರಿ ಕ್ರಮದಲ್ಲಿ, ಚೀಟಿ ಇಲ್ಲದೆ ಮಾತಾಡಲಿ. ಮನೆಯ ಹಸುವಿನ ಬಗ್ಗೆ ಹೇಳಲಿ, ಬಸ್ಸಿನ ಬಗ್ಗೆ ಹೇಳಲಿ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಸರದಿ ಬರುತ್ತದೆ. ದುಡ್ಡು ಬೇಡ, ಪ್ರೊಜೆಕ್ಟರ್ ಬೇಡ. ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸೆಮಿನಾರನ್ನು ಕನ್ನಡದಲ್ಲಿ ಕೊಡುತ್ತೇನೆ ಅನ್ನುವ ಮಗುವಿಗೆ ಕೊಡಲು ಬಿಡಿ, ಆದರೆ ಕೊನೆಗೆ ಐದು ನಿಮಿಷ ಪ್ರಶ್ನೆ ಕಡ್ಡಾಯ ಮಾಡಿ. ಕಾರ್ಖಾನೆಗಳ ಮಾಲೀಕರಿಗೆ ನನ್ನ ವಿನಂತಿ, ಬೆಳಗಿನ ಮೀಟಿಂಗನ್ನು ಶಾಪಿನ ಜನಕ್ಕೆ ಬರುವ ಭಾಷೆಯಲ್ಲಿ ಮಾಡಿ, ನಿಮ್ಮ ರಿಜೆಕ್ಷನ್ ಕಾರಣಗಳು ಆ ಜನರ ಹತ್ತಿರವೇ ಇವೆ. ನಿಮ್ಮ ಉದ್ಯೋಗ ಪುಟದಲ್ಲೂ ವಾರಕ್ಕೊಮ್ಮೆ ಈ ವಿಷಯಕ್ಕೆ ಒಂದು ಕಾಲಂ ಜಾಗ ಸಿಗಲಿ. ಕನ್ನಡದಲ್ಲಿ ನಿಂತು ಮಾತಾಡುವುದನ್ನು ಕಲಿಸುವ ಬರಹ ಅಲ್ಲಿ ಬಂದರೆ ನಾನೇ ಕತ್ತರಿಸಿ ನಮ್ಮ ನೋಟಿಸ್ ಬೋರ್ಡಿಗೆ ಹಾಕುತ್ತೇನೆ.

ಈ ಶನಿವಾರ ಗದಗ ಕಡೆಯಿಂದ ಬಂದ ನಮ್ಮ ಟ್ರೇನಿ ಹುಡುಗಿಯ ಸರದಿ. ಸೇರಿ ಎರಡು ತಿಂಗಳಾಯಿತು, ಇದುವರೆಗೆ ಕೇಳಿದರೆ ಮಾತ್ರ ಉತ್ತರ ಕೊಡುತ್ತಿದ್ದಳು. ಸೋಮವಾರ ತಾನಾಗಿ ಬಂದು, "ಸರ್, ನಂಗೊಂದು ಸ್ಲಾಟ್ ಕೊಡ್ರಿ, ಪ್ಲಗ್ ಗೇಜ್ ಬಗ್ಗೆ ಹೇಳ್ತೀನಿ, ಈ ವಾರ ಕನ್ನಡದಾಗ, ಮುಂದಿನ ವಾರ ಅದನ್ನೇ ಇಂಗ್ಲಿಷ್‌ನಾಗ" ಅಂದಳು. ನಿನ್ನೆ ಊಟದ ಬಿಡುವಿನಲ್ಲಿ ಸ್ಟೋರ್ ಹಿಂದೆ ಗೋಡೆಗೆ ಮುಖ ಮಾಡಿ ಜೋರಾಗಿ ಅಭ್ಯಾಸ ಮಾಡುತ್ತಿದ್ದಳು. ನಾನು ಕೇಳಿಸದವನಂತೆ ಹಾದುಹೋದೆ.

ಇಂತಿ,
ನಿಮ್ಮ ಓದುಗ
ಪೀಣ್ಯ, ಬೆಂಗಳೂರು